‘ರೀ’ ಎಂದು ಕರೆದವಳು

ದನಿ ಕೇಳಿಸಿತು, ಯಾರೋ ಕಂಡರು ಎಂದು ಯಾರಾದರೂ ಹೇಳಿದರೆ ನಾನು ಮಾತು ಬದಲಿಸುತ್ತಿದ್ದೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ, ಸರಿಯಾಗಿ ನಿದ್ದೆ ಮಾಡಿಲ್ಲ ಎಂದುಕೊಳ್ಳುತ್ತಿದ್ದೆ. ಈಗ ನಾನೇ ಹೇಳಬೇಕಾಗಿದೆ. ನಂಬಿ ಎಂದು ಕೇಳುವುದಿಲ್ಲ.

ಆಗ ನಾನು, ನನ್ನ ಗಂಡ ವಿನಯ್ ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿದ್ದೆವು. ಇಲ್ಲೇ ಒಟ್ಟಿಗೆ ಓದಿ ಮದುವೆಯಾದವರು. ಸಹಪಾಠಿಯಾಗಿದ್ದಾಗಿನಂತೆ ಆಮೇಲೂ ಅವನನ್ನು ಹೆಸರಿನಿಂದಲೇ ಕರೆಯುತ್ತಿದ್ದೆ. ಹುಬ್ಬಳ್ಳಿಯವನಾದ ಅವನಿಗೆ ಅದು ಹಿಡಿಸುತ್ತಿರಲಿಲ್ಲ. ಗೆಳೆಯರ ಹೆಂಡತಿಯರು ‘ರೀ’ ಎನ್ನುವುದನ್ನು ಕೇಳಿ ಬಂದಾಗಲೆಲ್ಲ ಶುರು ಮಾಡುತ್ತಿದ್ದ. “ನೀ ವಿನಯ್ ಅಂದ್ರ ಮ್ಯಾನೇಜರ್ ಕರದಂಗ ಆಗ್ತದ. ಒಮ್ಮೆ ರೀ ಅಂದ್ರ ನಿನ್ನ ಡಿಗ್ರಿ ಕಸಗೊಳ್ತಾರೇನು?” ಮೊದಮೊದಲು ಇಬ್ಬರೂ ನಗುತ್ತಿದ್ದೆವು. ಆಮೇಲೆ ಅವನೊಬ್ಬನೇ ನಕ್ಕ. ಕೊನೆಗೆ ಯಾರೂ ನಗಲಿಲ್ಲ.

ಜಪಾನಿನ ಶಿಕೋಕು ದ್ವೀಪದಲ್ಲಿ ಎಂಬತ್ತೆಂಟು ಬೌದ್ಧ ದೇವಾಲಯಗಳನ್ನು ನಡೆದೇ ಸುತ್ತುವ ಯಾತ್ರೆಯಿದೆ. ಬೇರೆಯಾಗುವ ಮಾತು ಬಂದಾಗ, ಅದಕ್ಕೆ ಮೊದಲು ಈ ಯಾತ್ರೆಯನ್ನು ಜೊತೆಯಾಗಿ ನಡೆದು ನೋಡೋಣ ಎಂದೆ. ಮುಗಿಯುವ ಹೊತ್ತಿಗೆ ಕೂಡಿ ಇರಬೇಕೆನಿಸಿದರೆ ಇರುವುದು, ಇಲ್ಲದಿದ್ದರೆ ಬಿಡುವುದು. ಅವನು ಒಪ್ಪಿದ. ನನಗೆ ಕೂಡಿ ಇರಬೇಕೆಂದೇ ಇತ್ತು.

ಅರ್ಧ ದಾರಿಯಲ್ಲಿ ನನಗೆ ಶೀತವಾಗಿ ದನಿ ಪೂರ್ತಿ ಹೋಯಿತು. ಪಿಸುಮಾತೂ ಹೊರಡುತ್ತಿರಲಿಲ್ಲ. “ಈಗ ಖರೇ ಯಾತ್ರಾ ಆತು ನೋಡು, ದೇವರು ಅದಾನ” ಎಂದ.

ಮರುದಿನ ಬೆಳಿಗ್ಗೆ ಕಾಡಿನ ಏರು ದಾರಿ, ದಟ್ಟ ಮಂಜು. ಎಂದಿನಂತೆ ಅವನು ಮುಂದೆ, ನಾನು ಹಿಂದೆ. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

“ರೀ, ಸ್ವಲ್ಪ ನಿಲ್ಲಿ.”

ದನಿ ನನ್ನ ಹಿಂದಿನಿಂದ, ಕೆಳಗಿನ ತಿರುವಿನಿಂದ ಬಂತು. ಅದು ನನ್ನ ದನಿ. ಆದರೆ ನಾನು ಯಾರ ಬಳಿಯೂ ಅಷ್ಟು ಮೆತ್ತಗೆ ಮಾತಾಡಿದವಳಲ್ಲ.

ವಿನಯ್ ತಿರುಗಿದ. ವರ್ಷದಿಂದ ನಾನು ಕಾಣದ, ಅರಳಿದ ಮುಖ ಅದು. “ನಿಂತೇನಿ, ಬಾ” ಎಂದ. ಆಮೇಲೆ ಅವನ ಕಣ್ಣು ನನ್ನ ತುಟಿಯ ಮೇಲೆ ಬಂತು. “ದನಿ ಬಂತೇನು ನಿಂದು?”

ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ನಾನು ಇಲ್ಲವೆಂದು ತಲೆಯಾಡಿಸಿ, ಹಿಂದಕ್ಕೆ ಬೆರಳು ತೋರಿಸಿದೆ.

ಅವನು ನನ್ನ ಪಕ್ಕದಿಂದಲೇ ಕೆಳಗಿಳಿದು ತಿರುವಿನವರೆಗೆ ಹೋಗಿ ನೋಡಿ ಬಂದ. ಮತ್ತೆ ಕೇಳಿಸೀತೆಂದು ಬಹಳ ಹೊತ್ತು ನಿಂತ. ನಾನು ತೋಳು ಹಿಡಿದು ಎಳೆದಾಗ ಮೆಲ್ಲಗೆ ಬಿಡಿಸಿಕೊಂಡ.

“ನೀ ಮುಂದ ಹೋಗು. ನಾ ಆಕಿ ಕೂಡ ಬರ್ತೀನಿ.”

ತಮಾಷೆ ಎಂದುಕೊಂಡು ಮುಂದಿನ ದೇವಾಲಯದವರೆಗೆ ನಡೆದೆ. ಅವನು ಬಂದದ್ದು ಕತ್ತಲಾಗುವ ಹೊತ್ತಿಗೆ, ಒಬ್ಬನೇ. ಬೆಳಗಾಗುತ್ತಲೇ ಮತ್ತೆ ಅದೇ ತಿರುವಿಗೆ ಹೋದ. ಅದರ ಮರುದಿನವೂ. ನಾನು ಒಬ್ಬಳೇ ಸಿಡ್ನಿಗೆ ವಾಪಸಾದೆ.

ಈಗ ಅವನು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿದ್ದಾನೆ. ಹೋದ ವರ್ಷ ಒಮ್ಮೆ ಫೋನ್ ಮಾಡಿದ. ನಾನು ನಾರ್ತ್ ಸಿಡ್ನಿಯ ಆಫೀಸಿನಲ್ಲಿದ್ದೆ. ಮೆಟ್ಟಿಲ ಕಡೆ ಹೋಗಿ ನಿಂತೆ. ಕುಶಲ ಕೇಳಲಿಲ್ಲ. “ಒಮ್ಮೆ ರೀ ಅನ್ನು. ಅವತ್ತ ಕರದಾಕಿ ನೀನ ಇದ್ರ ನಾ ಇವತ್ತ ಹೊಂಟು ಬರ್ತೀನಿ” ಎಂದ.

ಆ ಪದವನ್ನು ನಾನು ಜೀವಮಾನದಲ್ಲಿ ಮೊದಲ ಸಲ ಹೇಳಿದೆ. ನನ್ನಿಂದಾದಷ್ಟು ಮೆತ್ತಗೆ ಹೇಳಿದೆ.



“ಅಲ್ಲ. ಆಕಿ ನೀ ಅಲ್ಲ” ಎಂದು ಫೋನ್ ಇಟ್ಟ.

ಅವನಿಗೆ ಕೇಳಿಸಿದ್ದು ಭ್ರಮೆ ಎನ್ನಬಹುದಿತ್ತು. ಆದರೆ ಅದು ನನಗೂ ಕೇಳಿಸಿತ್ತು. ನನ್ನ ದನಿಯನ್ನು ನಾನು ಗುರುತಿಸಲಾರೆನೇ? ಅವನನ್ನು ಅಷ್ಟು ಪ್ರೀತಿಯಿಂದ ಕರೆದವಳು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.