ಪಾತ್ರೆ ತೊಳೆಯುವಾಗ ಎಣಿಸಿದ ಮತ

ಅಮೆರಿಕದ ಮೇನ್ ಸೀಮೆಯ ಆ ಕಡಲೂರಿನಲ್ಲಿ, ಊರವರೆಲ್ಲ ಸೇರಿ ಮತಹಾಕುವ ಪ್ರತಿ ಮಾರ್ಚಿನ ಊರಸಭೆಗೂ ಮಧ್ಯಾಹ್ನದ ಊಟ ಮಾಡಿಹಾಕುತ್ತಿದ್ದವಳು ಲುವೆಲ್ಲಾ ಬೀಲ್. ಬೇಯಿಸಿದ ಬೀನ್ಸು, ಕಂದು ಬ್ರೆಡ್ಡು, ಸೇಬಿನ ಪೈ. ಗಂಡಸರು ಬೆಲ್ಟು ಸಡಿಲಿಸಿಕೊಂಡು ತಿಂದು, ಆಮೇಲೆ ಊರನ್ನು ಉದ್ಧಾರ ಮಾಡಲು ಕುರ್ಚಿಗೆ ಒರಗುತ್ತಿದ್ದರು.

ಉದ್ಧಾರವಾದ ಊರು ಹೇಗಿತ್ತೆಂದರೆ, ಪ್ರತಿ ಮನೆಯ ಕಕ್ಕಸಿನ ಕೊಳವೆಯೂ ನೇರ ಹೊಳೆಗೆ, ಹೊಳೆ ಅಳಿವೆಯ ಕೆಸರಿಗೆ. ಆ ಕೆಸರಿನಲ್ಲಿ ಕಪ್ಪೆಚಿಪ್ಪು ಅಗೆದು ಮಾರಿಯೇ ಲುವೆಲ್ಲಾ ಮತ್ತು ಗಂಡ ವರ್ಲನ್ ಬದುಕಿದ್ದು. ಅಲ್ಲಿಯ ಚಿಪ್ಪು ತಿಂದರೆ ಕಾಯಿಲೆ ಎಂದು ಸರ್ಕಾರದವರು ಅಗೆತ ನಿಲ್ಲಿಸಿ ಕೆಂಪು ಫಲಕ ನೆಟ್ಟು ಎರಡು ವರ್ಷವಾಗಿತ್ತು. ವರ್ಲನ್ ಒಲೆಯ ಪಕ್ಕ ಕೂತು ಗೊಣಗುತ್ತಿದ್ದ. ಅವಳು ಮೀನಿನ ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಿದ್ದಳು.

ಆ ವರ್ಷ ಊರು ಸಾಲಪತ್ರ ಹೊರಡಿಸಿ, ಬಂದ ದುಡ್ಡಿನಲ್ಲಿ ಕೊಳಚೆ ಶುದ್ಧಮಾಡುವ ಘಟಕ ಕಟ್ಟಬೇಕೇ ಬೇಡವೇ ಎಂದು ಮತಕ್ಕೆ ಬಂತು. ಹೆಂಗಸರೆಲ್ಲ ಕಟ್ಟಲಿ ಎನ್ನುವವರೇ. ಸಭೆ ನಡೆಸುವ ಹಾರ್ಲಿ ಸ್ಪ್ರೇಗ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಸಾಲ ತೀರಿಸಲು ತೆರಿಗೆ ಏರಿಸಬೇಕಿತ್ತು; ತೆರಿಗೆ ಎಂಬ ಮಾತು ಕಿವಿಗೆ ಬಿದ್ದರೆ ಹೊಟ್ಟೆನೋವು ಬರುವ ಪ್ರಾಣಿ ಅದು. ಊಟವಾಗಿ ಹೆಂಗಸರೆಲ್ಲ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿರುವ ಹೊತ್ತು ನೋಡಿ, ಆ ವಿಷಯವನ್ನೇ ಎತ್ತಿಕೊಂಡ.

ಬೇಕೆನ್ನುವವರು ಏಳಿ ಎಂದದ್ದು ಕೇಳಿ ಲುವೆಲ್ಲಾ ಬಡಿಸುವ ಕಿಂಡಿಯಿಂದ ಇಣುಕಿದಳು. ವರ್ಲನ್ ಕೂತೇ ಇದ್ದ. ಅಕ್ಕಪಕ್ಕದ ಗೆಳೆಯರು ಕೂತಿದ್ದರಲ್ಲ, ಅದಕ್ಕೆ. ಬೇಡವೆನ್ನುವವರು ಏಳಿ ಎಂದಾಗ ಅವರ ಜೊತೆ ತಟಕ್ಕನೆ ಎದ್ದ. ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳಲು ಎಂಥ ಚುರುಕು! ಹೆಂಗಸರು ಕೈ ಒರೆಸಿಕೊಂಡು ಹೊರಬರುವಷ್ಟರಲ್ಲಿ ಎಣಿಕೆ ಮುಗಿದು, ಘಟಕ ಬೇಡವೆಂದು ತೀರ್ಮಾನವಾಗಿತ್ತು.

ಮತ್ತೆ ಮತಕ್ಕೆ ಹಾಕಿ ಎಂದು ಅವರು ಪಟ್ಟು ಹಿಡಿದರು. ಹಾರ್ಲಿ ಹಲ್ಲು ಕಿರಿದ.

"ಪೈ ಚೆನ್ನಾಗಿತ್ತು ಲುವೆಲ್ಲಾ. ಆದ್ರೆ ಮತ್ತೆ ಮತ ಬೇಕು ಅಂತ ಗೆದ್ದ ಕಡೆಯವ್ರೇ ಕೇಳ್ಬೇಕು. ಕಾನೂನು ಕಣಮ್ಮ."

ಲುವೆಲ್ಲಾ ಸೀದಾ ಹೋಗಿ ಗಂಡನ ಮುಂದೆ ನಿಂತಳು.

"ಗೆದ್ದೋನು ನೀನೇ ಅಲ್ವಾ? ಏಳು. ಕೇಳು."

"ಎಲ್ರೂ ನೋಡ್ತಿದಾರೆ ಕಣೇ."

"ನೋಡ್ಲಿ. ಎರಡು ವರ್ಷದಿಂದ ಹೆಂಡ್ತಿ ದುಡಿದದ್ದು ತಿಂತಾ ಇದ್ದೀಯಲ್ಲ, ಅದನ್ನೂ ನೋಡಿದಾರೆ."

ವರ್ಲನ್ ಎದ್ದ. ಮತ್ತೆ ಮತವಾಗಲಿ ಎಂದು ಗೊಣಗಿದ. ಗೆದ್ದ ಕಡೆಯವನೇ ಕೇಳಿದ್ದರಿಂದ ಹಾರ್ಲಿ ಬರೆದುಕೊಳ್ಳಲೇಬೇಕಾಯಿತು. ಎರಡನೇ ಸಲ ಏಪ್ರನ್ನು ಕಟ್ಟಿಕೊಂಡೇ ಹೆಂಗಸರು ಗೋಡೆಯುದ್ದಕ್ಕೂ ನಿಂತರು. ಘಟಕ ಗೆದ್ದಿತು.

ಕೆಲವು ವರ್ಷಗಳ ನಂತರ ಕೆಂಪು ಫಲಕ ಕಿತ್ತರು. ವರ್ಲನ್ ಈಗಲೂ ಅಂಗಡಿ ಕಟ್ಟೆಯಲ್ಲಿ ಕೂತು, ಅವತ್ತು ತಾನು ಏಳದಿದ್ದರೆ ಹೊಳೆ ಇವತ್ತಿಗೂ ನಾರುತ್ತಿತ್ತು ಎನ್ನುತ್ತಾನೆ. ಕೇಳುವವರು ತಲೆದೂಗುತ್ತಾರೆ. ಲುವೆಲ್ಲಾ ಅದನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ಅಷ್ಟು ಬೆಲೆಯನ್ನೂ ಅವನಿಗೆ ಕೊಡಲು ಅವಳಿಗೆ ಮನಸ್ಸಿಲ್ಲ. ಕಡಲ ನೀರು ಇಳಿದಾಗ ಇಬ್ಬರೂ ಚಿಪ್ಪು ಅಗೆಯಲು ಹೋಗುತ್ತಾರೆ. ಮೊದಲೆಲ್ಲ ಪಕ್ಕಪಕ್ಕದಲ್ಲಿ ಬಗ್ಗಿ ಅಗೆಯುತ್ತಿದ್ದರು. ಈಗ ಅವನು ಈ ತುದಿಯಲ್ಲಿ ಬುಟ್ಟಿ ಇಳಿಸಿದರೆ, ಅವಳು ಆ ತುದಿಗೆ ನಡೆದುಹೋಗಿ ಶುರುಮಾಡುತ್ತಾಳೆ.