ಗಡಿಯಾರದ ಬಾಜೂಕಿನ ಚುಕ್ಕಿ

ಕಂಪ್ಯೂಟರಿನ ಕೆಲಸ ಬಲ್ಲವರು ಸಿಕ್ಕಿಹಾಕಿಕೊಂಡ ಪ್ರೋಗ್ರಾಮನ್ನು ‘ಕಿಲ್ ಮಾಡ್ರಿ’ ಎನ್ನುತ್ತಾರೆ. ಜಿನ್ನಪ್ಪ ಸರ್ ಬಾಯಲ್ಲಿ ಆ ಮಾತು ಒಮ್ಮೆಯೂ ಬರಲಿಲ್ಲ. “ಅದೇನ್ ತಪ್ಪ ಮಾಡೇತಿ ಅಂತ ಕೊಲ್ತೀರಿ? ಸ್ವಲ್ಪ ಕುಂದ್ರಸ್ರಿ” ಎನ್ನುತ್ತಿದ್ದರು. ಹುಕ್ಕೇರಿಯ ಜೈನರ ಮನೆಯವರು. ಬಹಳ ವರ್ಷ ಟೈಪಿಂಗ್ ಕ್ಲಾಸು ನಡೆಸಿ, ಟೈಪ್‌ರೈಟರುಗಳನ್ನು ಕೇಳುವವರಿಲ್ಲದಾದಾಗ ತಾವೇ ಪುಸ್ತಕ ಓದಿ ಪ್ರೋಗ್ರಾಮು ಬರೆಯಲು ಕಲಿತಿದ್ದರು. ಅವರ ಕಣ್ಣಿಗೆ ಪ್ರೋಗ್ರಾಮುಗಳೂ ಬೆಂಚಿನ ಮೇಲಿನ ಹುಡುಗರೇ. ಹೇಳಿದಾಗ ಏಳಬೇಕು, ಹೇಳಿದಾಗ ಕೂಡಬೇಕು.

ನಾನು ಗೋಕಾಕದ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ ನಮ್ಮದು ಒಂದೊಂದು ಕೋಣೆ ಇದೆ. ಅಲ್ಲಿ ತೆಗೆದ ರಕ್ತ ಇಲ್ಲಿಗೆ ಬರುತ್ತದೆ, ಇಲ್ಲಿಂದ ರಿಪೋರ್ಟು ಆ ಕೋಣೆಗಳ ಫೋನಿಗೆ ಹೋಗುತ್ತದೆ. ನನ್ನ ಕಂಪ್ಯೂಟರಿನಲ್ಲಿ ಮೂರು ಕೆಲಸಗಳು ಕಣ್ಣಿಗೆ ಕಾಣದಂತೆ ತಾವೇ ನಡೆಯುತ್ತಿದ್ದವು: ಮಷೀನಿನಿಂದ ಅಂಕಿ ತರುವುದು, ರಿಪೋರ್ಟು ಅಚ್ಚು ಹಾಕುವುದು, ಮೆಸೇಜು ಕಳಿಸುವುದು. ಅವುಗಳಲ್ಲಿ ಒಂದು ನಿಂತಿದೆ ಎಂದು ತಿಳಿಯುತ್ತಿದ್ದುದು ಯಾರಾದರೂ ಬಂದು ಬೈದಾಗಲೇ. ಅದಕ್ಕೊಂದು ದಾರಿ ಮಾಡಿಕೊಡಲು ಲ್ಯಾಬಿನ ಡಾಕ್ಟರ್ ಸಾಹೇಬರು ಜಿನ್ನಪ್ಪ ಸರ್ ಅವರನ್ನು ಕರೆಸಿದರು.

ಮೊದಲ ದಿನ ಅವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ಫ್ರಿಜ್ಜಿನ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ನಾನು ಕೆಲಸ ಮಾಡುವುದನ್ನು ನೋಡುತ್ತ ಕುಳಿತರು. ಸಂಜೆ ಹೇಳಿದರು: “ತಂಗಿ, ನೀ ಎಷ್ಟ ಸಲ ಗಡಿಯಾರ ನೋಡ್ತಿ ಗೊತ್ತೈತೇನು? ನಾ ಎಣಿಸೂದನ್ನ ಬಿಟ್ಟೆ. ಕಂಪ್ಯೂಟರ್ ಮೂಲ್ಯಾಗಿನ ಆ ಗಡಿಯಾರದ ಬಾಜೂಕನ ಒಂದ್ ಚುಕ್ಕಿ ಇಡ್ತೇನಿ. ಬ್ಯಾರೆ ಕಡೆ ನೋಡೂ ಗರಜ ಇಲ್ಲ ನಿನಗ.”

ಹಾಗೆ ಬಂತು ಚುಕ್ಕಿ. ಮೂರೂ ನಡೆಯುತ್ತಿದ್ದರೆ ಹಸಿರು, ಒಂದು ನಿಂತರೂ ಕೆಂಪು. ಅದರ ಮೇಲೆ ಒತ್ತಿದರೆ ಮೂರೂ ಹೆಸರು, ಪ್ರತಿ ಹೆಸರಿನ ಮುಂದೆ ‘ಎಬ್ಬಸ್ರಿ’, ‘ಕುಂದ್ರಸ್ರಿ’. ಯಾವುದನ್ನಾದರೂ ಕೂಡಿಸಲು, ಅಂದರೆ ನಿಲ್ಲಿಸಲು, ಹೋದರೆ ‘ಯಾಕ ಕುಂದ್ರಸ್ತೀರಿ?’ ಎಂದು ಕೇಳುತ್ತಿತ್ತು. ಏನಾದರೂ ಬರೆಯುವ ತನಕ ಬಿಡುತ್ತಿರಲಿಲ್ಲ. ಬರೆದ ಮೇಲೆ ಒತ್ತಲು ಒಂದೇ ಗುಂಡಿ: ‘ಆತು’.

“ನಮ್ಮ ಮನ್ಯಾಗೂ ನನ್ನ ಯಾರೂ ಇಷ್ಟ ಕೇಳಂಗಿಲ್ರಿ ಸರ್” ಎಂದಿದ್ದೆ.

“ಕಾರಣ ಬರಿ ಅಂದ್ರ ಅರ್ಧಾ ಮಂದಿ ಕೈ ಹಿಂದ ತಗೋತಾರ, ನೋಡ್ತಿರು.”

ಬರೆದ ಕಾರಣಗಳೆಲ್ಲ ಒಂದು ಕಡೆ ದಾಖಲಾಗುತ್ತಿದ್ದವು. ಸರ್ ಬಂದಾಗಲೆಲ್ಲ ಮೊದಲು ಅವನ್ನು ಓದುತ್ತಿದ್ದರು. ಒಮ್ಮೆ ಬೇಸರದಲ್ಲಿ ‘ತಲಿ ಕೆಟ್ಟೈತಿ’ ಎಂದು ಬರೆದಿದ್ದೆ. “ತಲಿ ಕೆಟ್ಟಿದ್ದು ನಿಂದು, ಕುಂದ್ರಿಸಿದ್ದು ಅದನ್ನ? ಭಾರೀ ನ್ಯಾಯ ಆತು ಬಿಡು” ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ಸೂರ್ಯ ಮುಳುಗಿದ ಮೇಲೆ ಅವರು ಏನೂ ತಿನ್ನುತ್ತಿರಲಿಲ್ಲ, ನೀರೂ ಕುಡಿಯುತ್ತಿರಲಿಲ್ಲ. ಒಂದು ಸಲ ರಂಜಾನಿನಲ್ಲಿ ಬಂದಿದ್ದರು. ನನಗೆ ರೋಜಾ. ಅವರು ಸಂಜೆ ಐದಕ್ಕೇ ಡಬ್ಬಿ ಬಿಚ್ಚಿ, ನನ್ನತ್ತ ನೋಡಿ ಸಂಕೋಚಪಟ್ಟರು. “ನೀ ಹೊತ್ತು ಮುಳುಗಿದ ಮ್ಯಾಲ ಉಣ್ಣಾಕಿ, ನಾ ಹೊತ್ತು ಮುಳುಗೂದ್ರಾಗ ಉಣ್ಣಾಂವ. ಒಂದ ತಾಟಿನ್ಯಾಗ ಉಣಬೇಕಂದ್ರ ಸೂರ್ಯಾ ಒಬ್ಬ ಅಡ್ಡ ಬರ್ತಾನ ನೋಡು ತಂಗಿ” ಎಂದರು. ಡಬ್ಬಿಯಲ್ಲಿದ್ದ ಎರಡು ಹೋಳಿಗೆಯಲ್ಲಿ ಒಂದನ್ನು ಕಾಗದದಲ್ಲಿ ಸುತ್ತಿ, ಬಾಂಗ್ ಆದ ಮೇಲೆ ತಿನ್ನಲೆಂದು ನನ್ನ ಟೇಬಲ್ಲಿನ ಮೇಲೆ ಇಟ್ಟು ಹೋದರು.

ಮೊದಮೊದಲು ಆ ಚುಕ್ಕಿ ಕೆಂಪಾದರೆ ಸಪ್ಪಳವನ್ನೂ ಮಾಡುತ್ತಿತ್ತು. “ಇದೇನ್ರಿ ಸರ್, ಕತ್ತೆ ಒದರಿದಂಗ ಒದರತೈತಿ. ರಗತ ಕೊಡಾಕ ಬಂದವ್ರು ಅಂಜತಾರ” ಎಂದು ತಗಾದೆ ತೆಗೆದವಳು ನಾನೇ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಆತು” ಎಂದು ಸಪ್ಪಳ ತೆಗೆದುಹಾಕಿದರು.

ಅದಾಗಿ ಕೆಲ ತಿಂಗಳಿಗೆ, ಒಂದು ಸೋಮವಾರ, ಮೆಟ್ಟಿಲ ತನಕ ಜನ ನಿಂತಿದ್ದರು. ಮೂಡಲಗಿಯ ಕೋಣೆಯ ಫೋನು ಹತ್ತುತ್ತಿರಲಿಲ್ಲ. ಮೆಸೇಜಿನ ಪ್ರೋಗ್ರಾಮು ಮತ್ತೆ ಮತ್ತೆ ಅದನ್ನೇ ಪ್ರಯತ್ನಿಸುತ್ತ ಅಚ್ಚಿನ ಕೆಲಸವನ್ನೂ ನಿಧಾನ ಮಾಡುತ್ತಿತ್ತು. ಮೆಸೇಜನ್ನು ಕೂಡಿಸಲು ಹೋದೆ. ಯಾಕೆ ಎಂದು ಕೇಳಿತು. ಸಿಟ್ಟಿನಲ್ಲಿ ಒಂದು ಪೂರ್ಣವಿರಾಮ ಹಾಕಿ ‘ಆತು’ ಒತ್ತಿದೆ. ಚುಕ್ಕಿ ಕೆಂಪಾಯಿತು. ಅದನ್ನು ನೋಡಲಾಗದೆ, ಗಡಿಯಾರದ ಹತ್ತಿರ ಬೇಡವಾದ ಗುರುತುಗಳನ್ನು ಮುಚ್ಚಿಡುವ ಸಣ್ಣ ಬಾಣವಿದೆಯಲ್ಲ, ಅದರೊಳಗೆ ಎಳೆದು ಬಿಟ್ಟೆ. ಮಧ್ಯಾಹ್ನ ಎಬ್ಬಿಸಿದರಾಯಿತು ಎಂದುಕೊಂಡೆ. ಮರೆತೆ.

ಗುರುವಾರ ಕೌಜಲಗಿಯ ಹಿರಿಯರೊಬ್ಬರು ಬಂದರು. ರಿಪೋರ್ಟಿಗಾಗಿ ಎರಡು ಸಲ ಮೂಡಲಗಿಗೆ ಹೋಗಿ, ಅಲ್ಲಿ ಸಿಗದೆ ಗೋಕಾಕಕ್ಕೇ ಬಸ್ಸು ಹತ್ತಿದ್ದರು. “ನನ್ನ ರಗತ ಹಳ್ಳಕ್ಕ ಚೆಲ್ಲೀರೇನು?” ಎಂದು ಎಲ್ಲರೆದುರು ಕೂಗಿದರು. ಡಾಕ್ಟರ್ ಸಾಹೇಬರು ಹೊರಗೆ ಬಂದು ನನ್ನನ್ನು ಕೇಳಿದರು. “ನಾ ಏನೂ ಮುಟ್ಟಿಲ್ರಿ. ಅದ ತಾನಾಗಿ ನಿಂತೈತಿ” ಎಂದೆ.

ಫೋನು ಮಾಡಿದ್ದಕ್ಕೆ ಜಿನ್ನಪ್ಪ ಸರ್ ನಾಲ್ಕು ಗಂಟೆಯ ಬಸ್ಸಿಗೆ ಬಂದಿಳಿದರು. ಬಾಣದೊಳಗಿಂದ ಚುಕ್ಕಿಯನ್ನು ಹೊರಗೆ ಎಳೆದರು. ದಾಖಲೆ ತೆರೆದು ಓದಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

“ಜಿನ್ನಪ್ಪನವ್ರ, ನಿಂತದ್ದು ತಿಳೀಲಿ ಅಂತನ ನಿಮ್ಮ ಕಡೆ ಇದನ್ನ ಮಾಡಿಸಿದ್ದು” ಎಂದರು ಡಾಕ್ಟರ್ ಸಾಹೇಬರು.

“ಖರೆ ಐತ್ರಿ ಸಾಹೇಬ್ರ. ತಪ್ಪಾಗೇತಿ” ಎಂದರು ಸರ್. ನನ್ನ ಕಡೆ ನೋಡಲಿಲ್ಲ.

ಉಳಿದುಹೋಗಿದ್ದ ಮೆಸೇಜುಗಳೆಲ್ಲ ಹೋಗುವ ತನಕ ಅಲ್ಲೇ ಕುಳಿತರು. ಚಹಾ, ಬಿಸ್ಕೀಟು ತಂದಿಟ್ಟೆ. “ಇಷ್ಟ ಮುಗೀಲಿ ತಂಗಿ” ಎಂದರು. ಮುಗಿಯುವಾಗ ಕಿಟಕಿಯ ಮೇಲಿನ ಬಿಸಿಲು ಹೋಗಿತ್ತು, ಚಹಾಕ್ಕೆ ಕೆನೆ ಕಟ್ಟಿತ್ತು. “ಹೊತ್ತು ಮುಳುಗಿತಲ್ಲ” ಎಂದು ನಕ್ಕು ಚೀಲ ಎತ್ತಿಕೊಂಡರು. ಮಾರನೆಯ ದಿನ ಬೆಳಗಾಗುವ ತನಕ ಅವರು ಏನೂ ತಿನ್ನುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ನಿಜ ಹೇಳದೆ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಆಮೇಲೆ ಸಾಹೇಬರು ಅವರನ್ನು ಕರೆಸಲಿಲ್ಲ. ಒಂದು ವರ್ಷದ ನಂತರ ಹುಕ್ಕೇರಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಮೈ ಇಳಿದು ಸೊರಗಿದ್ದರು. “ನಮ್ಮ ಹುಡುಗ್ರು ಮೂರೂ ಮಂದಿ ಆರಾಮ ಅದಾರೇನು?” ಎಂದು ಕೇಳಿದರು.

“ಆರಾಮ ಅದಾರ್ರಿ. ಸರ್, ಅವತ್ತ ಲ್ಯಾಬಿನ್ಯಾಗ...”

“ಬಸ್ ಬಂತು ನೋಡು. ಲಗೂ ಹತ್ತ ತಂಗಿ, ಜಾಗಾ ಸಿಗೂದಿಲ್ಲ.”

ಹತ್ತಿದೆ. ಜಾಗ ಸಿಕ್ಕಿತು. ಅದೇ ಕೊನೆ. ಎದೆನೋವಿನಿಂದ ಹೋದರೆಂದು ನಮ್ಮ ಹುಕ್ಕೇರಿಯ ಕೋಣೆಯಿಂದ ತಿಳಿಯಿತು. ಆ ಸುದ್ದಿ ನನಗೆ ಮುಟ್ಟಿದ್ದೂ ಮೆಸೇಜಿನಲ್ಲೇ.

ಕಳೆದ ತಿಂಗಳು ಲ್ಯಾಬಿಗೆ ಹೊಸ ಪ್ರೋಗ್ರಾಮು ಬಂತು. ಹಳೆಯದನ್ನು ನಿಲ್ಲಿಸಲು ಹೇಳಿದರು. ನಿಲ್ಲಿಸುವ ಮೊದಲು, ಅಲ್ಲಿಯವರೆಗೂ ತೆರೆಯಲು ಧೈರ್ಯವಾಗದಿದ್ದ ದಾಖಲೆಯನ್ನು ತೆರೆದೆ. ಆ ಸೋಮವಾರದ ಸಾಲು ಹಾಗೆಯೇ ಇತ್ತು. ಮೆಸೇಜು ಕೂಡಿಸಿದ್ದು, ಕಾರಣದ ಜಾಗದಲ್ಲಿ ನನ್ನ ಪೂರ್ಣವಿರಾಮ. ಅದರ ಕೆಳಗೆ ಗುರುವಾರ ಸಂಜೆಯ ಸಾಲು. ಎಬ್ಬಿಸಲು ಕಾರಣ ಬರೆಯಬೇಕೆಂದು ಯಾವ ನಿಯಮವೂ ಇರಲಿಲ್ಲ. ಸರ್ ಬರೆದಿದ್ದರು: ‘ತಪ್ಪ ನಂದು. ಸಪ್ಪಳ ತಗೀಬಾರದಿತ್ತು.’

ಎದ್ದು ಹೋಗಿ ಡಾಕ್ಟರ್ ಸಾಹೇಬರಿಗೆ ಎಲ್ಲ ಹೇಳಿದೆ. ಅವರು “ಈಗ್ಯಾಕ ಹೇಳ್ತೀ?” ಎಂದರು.

ತಿರುಗಿ ಬಂದು ಮೂರನ್ನೂ ಒಂದೊಂದಾಗಿ ಕೂಡಿಸಿದೆ. ಮೆಸೇಜಿನ ಸರದಿ ಕೊನೆಗಿಟ್ಟಿದ್ದೆ. ‘ಯಾಕ ಕುಂದ್ರಸ್ತೀರಿ?’ ಎಂದು ಕೇಳಿತು. ‘ತಪ್ಪ ನಿಮ್ಮದಲ್ರಿ ಸರ್, ನಂದು’ ಎಂದು ಬರೆದೆ. ಕೆಳಗೆ ಎಂದಿನಂತೆ ಒಂದೇ ಗುಂಡಿ, ‘ಆತು’. ಅದನ್ನು ಒತ್ತಲು ನನಗೆ ಬಹಳ ಹೊತ್ತು ಬೇಕಾಯಿತು.