ನಾನು ಅಳಿಸಿದ ಅಭಿಪ್ರಾಯಗಳು

ವೀಳ್ಯದೆಲೆ ಆರಿಸುವವರ ಕೈ ನೀವು ನೋಡಿದ್ದೀರೋ ಇಲ್ಲವೋ. ಹೆಬ್ಬೆರಳ ತುದಿಯಲ್ಲಿ ಒಂದು ಹಸಿರು ಕಲೆ ಸದಾ ಇರುತ್ತದೆ; ಎಷ್ಟು ಸಾಬೂನು ತಿಕ್ಕಿದರೂ ಹೋಗದು. ಸವಣೂರಿನ ತೋಟಗಳಿಂದ ಬೆಳಗಾಗುತ್ತಲೇ ಎಲೆ ನಮ್ಮ ಪಡಸಾಲೆಗೆ ಬರುತ್ತದೆ, ಒದ್ದೆ ಗೋಣಿತಟ್ಟಿನ ಮೇಲೆ ಸುರುವಿಕೊಂಡು ನಾನು ಕೂಡುತ್ತೇನೆ. ಚುಕ್ಕೆ ಬಿದ್ದದ್ದು, ಹರಿದದ್ದು, ಹುಳು ತಿಂದದ್ದು ಬದಿಗೆ. ನುಣುಪಾಗಿ ಮಿರುಗುವುದು ಮಾರುವ ಕಟ್ಟಿನೊಳಗೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಬದುಕು ಕಲಿಸಿದ ವಿದ್ಯೆ ಇದೊಂದೇ: ಚಂದ ಕಾಣದ್ದನ್ನು ಕಣ್ಣು ಮಿಟುಕಿಸುವುದರೊಳಗೆ ತೆಗೆದು ಹಾಕುವುದು. ಈ ವಿದ್ಯೆಯನ್ನು ಎಲೆಯ ಮೇಲಷ್ಟೇ ಖರ್ಚು ಮಾಡಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನನ್ನ ತಮ್ಮ ಫಕ್ಕೀರೇಶ ಶಿಗ್ಗಾವಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾನೆ. ಅವ್ವ ಹೋದ ಮೇಲೆ ಅವನ ತಲೆ ಬಾಚಿದವಳು, ಅವನನ್ನು ಬೈದವರ ಮನೆತನಕ ಹೋಗಿ ಜಗಳ ತೆಗೆದವಳು ನಾನೇ. ಭಾನುವಾರ ಅವನು ಓಣಿಯ ಗದ್ದಲ ಕೇಳಿಸಬಾರದೆಂದು ಕೌದಿ ಹೊದ್ದುಕೊಂಡು, ಫೋನಿನ ಮುಂದೆ ಬೆವರುತ್ತ ‘ಖರೇ ಏನ್?’ ಎಂಬ ಪಾಡ್‌ಕಾಸ್ಟ್ ಮಾಡುತ್ತಾನೆ. ಗ್ರಹಣದಲ್ಲಿ ಉಂಡರೆ ನಿಜವಾಗಿ ಏನಾಗುತ್ತದೆ, ಕಾಮಾಲೆಗೆ ಕೈ ಸುಡಿಸಿಕೊಂಡರೆ ಗುಣವಾಗುತ್ತದೆಯೇ, ಇಂಥ ಮಾತು. ಕೊನೆಗೆ ಪ್ರತಿ ಸಲವೂ ಹೇಳುತ್ತಾನೆ: “ನಾ ಹೇಳಿದೆ ಅಂತ ನಂಬಬ್ಯಾಡ್ರಿ. ತಪ್ಪಿದ್ರ ತಪ್ಪಂತ ಹೇಳ್ರಿ.”

ಕೇಳುಗರು ಹೇಳುತ್ತಿದ್ದರು. ಅವರ ಧ್ವನಿಗಳೆಲ್ಲ ಒಂದು ಹಳೆಯ ಫೋನಿಗೆ ಬಂದು ಬೀಳುತ್ತಿದ್ದವು; ತಪ್ಪು ತೋರಿಸಿದ್ದನ್ನು ಅವನು ಮುಂದಿನ ಸಂಚಿಕೆಯಲ್ಲಿ ಹಾಕುತ್ತಿದ್ದ. ಒಂದು ದಿನ ಅವನು ಆ ಫೋನನ್ನು ನನ್ನ ಗೋಣಿತಟ್ಟಿನ ಪಕ್ಕ ಇಟ್ಟ.

“ಅಕ್ಕಾ, ನಿನ್ನ ಕೈ ಎಲಿಯೊಳಗ ಇದ್ರೂ ಕಿವಿ ಖಾಲಿ ಇರ್ತಾವಲ್ಲ. ಎಲ್ಲಾ ಕೇಳು. ಗುಡ್ ಮಾರ್ನಿಂಗ್ ಹೂವಿನ ಫೋಟೋ ಅಳಿಸು, ಉಳಿದಿದ್ದು ನನಗ ಇಡು.”

ಮೊದಲು ಹೂವುಗಳನ್ನಷ್ಟೇ ಅಳಿಸಿದೆ. ಆಮೇಲೆ ಹಾನಗಲ್ಲಿನ ಒಬ್ಬ, “ಏ ಮಾಸ್ತರ, ಭಾಳ ಶ್ಯಾಣ್ಯಾ ಆಗೀ ಬಿಡು, ನಿಮ್ಮಪ್ಪ ನಂಬಿದ್ದನ್ನೂ ನಂಬಂಗಿಲ್ಲೇನ?” ಎಂದ. ನನಗೆ ಚುಚ್ಚಿತು, ಅಳಿಸಿದೆ. ಹಿರೇಕೆರೂರಿನ ಒಂದು ಹುಡುಗಿ, “ಸರ್, ಹೋದ ವಾರದ್ದು ಅರ್ಧಾ ತಿಳೀಲಿಲ್ಲ” ಎಂದಳು. ಪಾಪ, ಸಾದಾ ಮಾತು, ಅದನ್ನೂ ಅಳಿಸಿದೆ. ಕೈಗೆ ರೂಢಿಯಾದ ಕೆಲಸಕ್ಕೆ ಮನಸ್ಸನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ, ನಿಮಗೂ ಗೊತ್ತಿದ್ದೀತು.

ಸಂಜೆ ಬಂದು ಕೇಳುತ್ತಿದ್ದ: “ಏನಂದ್ರು ಮಂದಿ?”

“ಎಲ್ಲಾರೂ ಚಲೋ ಅಂದ್ರು.”

“ಬೈಯೋರು ಒಬ್ರೂ ಇಲ್ಲಂದ್ರ ನನಗ ಸಂಶಯ ಬರ್ತೈತಿ ನೋಡು.”

“ನಿನಗ ಎಲ್ಲಾದ್ರ ಮ್ಯಾಲೂ ಸಂಶಯ. ಉಣ್ಣು, ರೊಟ್ಟಿ ಅಂತೂ ಖರೇ ಅದಾವ.”

ಅವನು ನಗುತ್ತಿದ್ದ. ಹೀಗೆ ಒಂದು ವರ್ಷ, ಯಾವುದನ್ನೂ ಸುಮ್ಮನೆ ನಂಬಬೇಡಿ ಎಂದು ಲೋಕಕ್ಕೆ ಹೇಳುವ ಹುಡುಗ ನನ್ನನ್ನು ಸುಮ್ಮನೆ ನಂಬಿದ.

ಹಾವು ಕಡಿತದ ಸಂಚಿಕೆಯಲ್ಲಿ ಅವನು, ಮಂತ್ರ ಹಾಕಿಸುವವರ ಬಳಿ ಹೋಗದೆ ದವಾಖಾನೆಗೆ ಹೋಗಿರಿ ಎಂದು ಸರಿಯಾಗಿಯೇ ಹೇಳಿದ. ಆದರೆ ಹೋಗುವ ಮೊದಲು ಗಾಯದ ಮೇಲ್ಗಡೆ ಬಿಗಿಯಾಗಿ ಹಗ್ಗ ಕಟ್ಟಿರಿ ಎಂದೂ ಸೇರಿಸಿದ. ಮರುದಿನವೇ ಚಿಕ್ಕೇರೂರಿನಿಂದ ಒಬ್ಬ ಹಿರಿಯ ಹೆಂಗಸಿನ ಧ್ವನಿ ಬಂತು. “ತಮ್ಮಾ, ನಾ ನರ್ಸ್ ಆಗಿ ದುಡದಾಕಿ. ಬಿಗಿದು ಕಟ್ಟಬಾರ್ದು, ರಕ್ತ ನಿಂತು ಕೈನ ಹೋದೀತು. ತಿಳೀದ್ದನ್ನ ಹೇಳಬ್ಯಾಡ.” ತಿಳಿಯದ್ದು! ನನ್ನ ತಮ್ಮನಿಗೆ! ಅಳಿಸಿದೆ. ಮತ್ತೆ ಕಳಿಸಿದರು, ಮತ್ತೆ ಅಳಿಸಿದೆ. ಮೂರನೆಯ ಸಲ ಪೂರ್ತಿ ಕೇಳಲೂ ಇಲ್ಲ.

ಆಮೇಲೆ ಗೊಟಗೋಡಿಯಲ್ಲಿ ಕೇಳುಗರ ಭೇಟಿ ಇಟ್ಟುಕೊಂಡ. ನಾನೂ ಬುತ್ತಿ ಕಟ್ಟಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಬಂದ ಅಭಿಪ್ರಾಯ ಒಂದನ್ನೂ ನಾವು ಮುಚ್ಚಿಟ್ಟಿಲ್ಲ ಎಂದು ಅವನು ಹೇಳುತ್ತಿದ್ದಾಗ, ಬಿಳಿ ಕೂದಲಿನ ಒಬ್ಬರು ಎದ್ದು ನಿಂತರು. ಬಾಯಿ ತೆರೆದೊಡನೆ ಧ್ವನಿಯ ಗುರುತು ಹತ್ತಿತು.

“ನಮ್ಮೂರಾಗ ಒಬ್ಬಾಂವ ನಿನ್ನ ಮಾತು ಕೇಳಿ ಕೈ ಬಿಗದು ಕಟ್ಟಿಕೊಂಡು ಬಂದಿದ್ನಪಾ. ಬೆರಳು ನೀಲಿಗಟ್ಟಿದ್ದುವು. ಪುಣ್ಯಾಕ್ಕ ಕಡದಿದ್ದು ನೀರಹಾವು, ಕಟ್ಟು ನಾನ ಬಿಚ್ಚಿದೆ. ಮೂರು ಸಲ ಹೇಳಿ ಕಳಿಸೇನಿ, ಯಾಕ ಹಾಕಲಿಲ್ಲ?”

ತಪ್ಪನ್ನು ತಮ್ಮ ಅಲ್ಲೇ ಒಪ್ಪಿಕೊಂಡ, ಕೈ ಮುಗಿದ. ಆದರೆ, “ನಿಮ್ಮ ಮಾತು ನಮಗ ಬಂದ ಇಲ್ರಿ, ಬಂದಿದ್ರ ಹಾಕದ ಇರ್ತಿದ್ದಿಲ್ಲ” ಎಂದ.

“ಹಂಗಾರ ನಾ ಸುಳ್ಳು ಹೇಳಾಕತ್ತೇನೇನು?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಕೆ ಸೆರಗು ಸರಿಮಾಡಿಕೊಂಡು ಕುಳಿತುಬಿಟ್ಟರು. ನಾನು ಏಳಬೇಕಾಗಿತ್ತು. ಬುತ್ತಿಯ ಗಂಟನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕುಳಿತೇ ಇದ್ದೆ. ಬಸ್ಸಿನಲ್ಲಿ ಅವನು, “ಪಾಪ, ತಪ್ಪು ನಂಬರಿಗೆ ಕಳಿಸಿರಬೇಕು” ಎಂದಾಗ “ಇರಬೇಕು” ಎಂದೆ. ಅಳಿಸಿದ್ದನ್ನೆಲ್ಲ ಪ್ರೀತಿಯ ಲೆಕ್ಕಕ್ಕೆ ಹಾಕಿಕೊಂಡೇನು. ಆ “ಇರಬೇಕು” ಎಂಬುದನ್ನು ಯಾವ ಲೆಕ್ಕಕ್ಕೆ ಹಾಕಲಿ?

ಎಂಟು ದಿನ ಅನ್ನ ಸೇರಲಿಲ್ಲ. ಒಂಬತ್ತನೆಯ ದಿನ ಹೇಳಿದೆ. ಅವನು ಬೈದಿದ್ದರೆ ಹಗುರಾಗುತ್ತಿದ್ದೆ. ಮರುದಿನ ಚಿಕ್ಕೇರೂರಿಗೆ ಹೋಗಿ, ಮನೆ ಹುಡುಕಿ, ಆಕೆಯ ಕಾಲು ಮುಟ್ಟಿ ಬಂದ. ಮುಂದಿನ ಸಂಚಿಕೆಯಲ್ಲಿ ನಾನೂ ಕೌದಿಯೊಳಗೆ ಕೂತು, ಆ ತಾಯಿ ಸುಳ್ಳು ಹೇಳಲಿಲ್ಲ, ಅಳಿಸಿದಾಕಿ ನಾನು ಎಂದು ನನ್ನ ಬಾಯಿಂದಲೇ ಹೇಳಿದೆ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಕೌದಿ ಸರಿಸಿ ಹೊರಬಂದವನೇ ಒಂದು ಹಾಳೆ, ಪೆನ್ನು ಹಿಡಿದು ನನ್ನೆದುರು ಕುಳಿತ.

“ಆ ತಾಯಿ ಸಿಕ್ಲು. ಉಳಿದಾವ್ರು ಏನಂದಿದ್ರು, ಹೇಳಕ್ಕಾ.”

ಹಾನಗಲ್ಲಿನವನನ್ನು ಹೇಳಿದೆ, ಹಿರೇಕೆರೂರಿನ ಹುಡುಗಿಯನ್ನು ಹೇಳಿದೆ. ಮುಂದೆ? ಒಬ್ಬ ಕೆಮ್ಮುತ್ತ ಮಾತಾಡಿದ್ದ. ಒಬ್ಬಳ ಹಿಂದೆ ಕೂಸು ಅಳುತ್ತಿತ್ತು. ಪ್ರತಿಯೊಂದೂ ನನ್ನನ್ನು ಎಷ್ಟು ನೋಯಿಸಿತೆಂಬುದು ನೆನಪಿದೆ. ಅವರು ಹೇಳಿದ್ದೇನು, ಅದು ನೆನಪಿಲ್ಲ. ಅದರಲ್ಲಿ ಹಗ್ಗದಂಥ ಮಾತು ಇನ್ನೆಷ್ಟಿದ್ದವೋ, ಯಾರ ಕೈಗೆ ಬಿಗಿದಿವೆಯೋ.

“ಎಷ್ಟು ಮಂದಿ ಇದ್ದಾರು?”

“ಗೊತ್ತಿಲ್ಲೋ ಫಕ್ಕೀರಾ.”

ಅವನು ನನಗೆ ನೆನಪಾದವರ ಲೆಕ್ಕ ನಾಲ್ಕು ಎಂದು ಬರೆದು, ಉಳಿದವರಿಗೆಂದು ಮುಂದೆ ಒಂದು ಖಾಲಿ ಗೆರೆ ಎಳೆದ; ಪೆನ್ನು ಮಾತ್ರ ಕೆಳಗಿಡಲಿಲ್ಲ.